ಮುತ್ಯಾನ ಬಂದೂಕು, ಲೇತ್ ಅಂಗಡಿಯ ಮಿಸ್ತ್ರಿ

ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ಲೇತ್ ಇಟ್ಟುಕೊಂಡವರ ಕೈ ಎಂಥದ್ದು ಎಂಬುದು ಲಾರಿ ಓಡಿಸುವವರಿಗೆಲ್ಲ ಗೊತ್ತು. ಪುಣೆ–ಹೈದರಾಬಾದ್ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಯ ಸವೆದ ಬುಶ್, ಮುರಿದ ಪಿನ್ನು, ಟ್ರ್ಯಾಕ್ಟರಿನ ಹಲ್ಲುಚಕ್ರ, ಏನೇ ಕೊಡಿ, ಸಂಜೆಯೊಳಗೆ ಹೊಸದು ಕಡೆದು ಕೈಗಿಡುತ್ತಾರೆ. ಮನೆಯಲ್ಲಿ ಮುತ್ಯಾನ ಕಾಲದ ಜೋಡುನಳಿಗೆ ಬಂದೂಕು ಇದ್ದು, ಅದರ ಕುದುರೆ ಸಡಿಲಾಗಿದ್ದರೆ ಮೊದಲು ನೆನಪಾಗುವುದು ಈ ಮಿಸ್ತ್ರಿಯೇ. "ಏನ್ ದೊಡ್ಡದೈತ್ರಿ ಇದರಾಗ, ಒಂದು ತಾಸಿನ ಕೆಲಸ" ಅಂತ ಅವನೂ ಅಂದಾನು. ಸುಳ್ಳೇನೂ ಹೇಳುತ್ತಿಲ್ಲ ಅವನು. ಒಂದು ತಾಸಿನ ಕೆಲಸವೇ ಇರಬಹುದು. ಆದರೆ ಆ ಒಂದು ತಾಸಿಗೆ ಕಾನೂನು ಇಟ್ಟಿರುವ ಬೆಲೆ ಕನಿಷ್ಠ ಏಳು ವರ್ಷ ಜೈಲು.

ಬಂದೂಕನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳುವ ಕೆಲಸ ನಾವೇ ಮಾಡುವುದೋ, ಕಸುಬುದಾರನಿಗೆ ಕೊಡುವುದೋ ಎಂಬ ಪ್ರಶ್ನೆ ಅಮೆರಿಕದಂಥ ಕಡೆ ಬಹುಮಟ್ಟಿಗೆ ಖರ್ಚು ಮತ್ತು ಕೌಶಲದ ಪ್ರಶ್ನೆ. ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಬಂದೂಕು ತಯಾರಿಸುವುದು, ಮಾರುವುದರ ಜೊತೆಗೆ ರಿಪೇರಿಯನ್ನೂ ಲೈಸನ್ಸಿನ ಕೆಲಸ ಎಂದೇ ಎಣಿಸುತ್ತದೆ. ಬಂದೂಕು ಇಟ್ಟುಕೊಳ್ಳಲು ನಿಮಗೆ ಸಿಕ್ಕ ಲೈಸನ್ಸೇ ಬೇರೆ, ಅದನ್ನು ಬಿಚ್ಚಿ ರಿಪೇರಿ ಮಾಡುವವನಿಗೆ ಬೇಕಾದ ಲೈಸನ್ಸೇ ಬೇರೆ. ಲೇತ್ ಮಿಸ್ತ್ರಿಯ ಹತ್ತಿರ ಎರಡೂ ಇರುವುದಿಲ್ಲ. ನನ್ನ ಪ್ರಕಾರ ನಮ್ಮ ಭಾಗದ ನಿಜವಾದ ಅಪಾಯ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತ ಮಾಲೀಕನಿಗಿಂತ, ಯಾವ ಕಬ್ಬಿಣಕ್ಕೂ ಹೆದರದ ಈ ಜಾಣ ಮಿಸ್ತ್ರಿಯಲ್ಲೇ ಇದೆ.

ಇಲ್ಲಿ ರೈಫಲ್ ಇರುವ ಮನೆ ಕಡಿಮೆ. ಇದ್ದರೂ ಅದು ಹೆಚ್ಚಾಗಿ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ .315 ಬೋರಿನದು. ಒಂದು ಕಾಲಕ್ಕೆ ಸೈನ್ಯದ್ದಾಗಿದ್ದ .303 ಬೋರು ಜನಸಾಮಾನ್ಯರಿಗೆ ನಿಷಿದ್ಧ. ಉಳಿದವರದ್ದು 12 ಬೋರಿನ ಬಂದೂಕು, ಇಲ್ಲವೇ ಬಾಯಿಯಿಂದ ಮದ್ದು ತುಂಬುವ ಹಳೆಯ ನಾಡಬಂದೂಕು. ಕಬ್ಬಿನ ಹೊಲಕ್ಕೆ ಹಂದಿ ನುಗ್ಗುತ್ತವೆ, ತೊಗರಿಗೆ ಚಿಗರಿ ಬಾಯಿ ಹಾಕುತ್ತವೆ ಎಂಬ ಕಾರಣ ಕೊಟ್ಟು ಪಡೆದ ಲೈಸನ್ಸುಗಳು ಇವು. ಕಾಯ್ದೆಯ 13ನೇ ಕಲಮಿನಲ್ಲೇ ಬೆಳೆ ಕಾಯಲು ಬಾಯಿಮದ್ದಿನ ಬಂದೂಕಿಗೂ, ಆತ್ಮರಕ್ಷಣೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬಂದೂಕಿಗೂ ಅವಕಾಶವಿದೆ. ಹಾಗಂತ ಚಿಗರಿಗೆ ಗುಂಡು ಹೊಡೆಯುವಂತಿಲ್ಲ. ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ ಅದು. ಸದ್ದು ಮಾಡಿ ಓಡಿಸುವುದಷ್ಟೇ ನಮ್ಮ ಪಾಲು.

ಆ 20 ಇಂಚಿನ ಲೆಕ್ಕ ಮರೆಯಬೇಡಿ. ಹೊಲದ ಬದುವಿನಲ್ಲಿ ಉದ್ದ ನಳಿಗೆ ತೊಡಕಾಗುತ್ತದೆ, ಆರು ಇಂಚು ಕತ್ತರಿಸಿದರೆ ಹಗುರಾಗುತ್ತದೆ ಎಂಬ ಸಲಹೆ ಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ನಳಿಗೆ ಗಿಡ್ಡ ಮಾಡುವುದಕ್ಕೇ ಕಾಯ್ದೆಯಲ್ಲಿ ಬೇರೊಂದು ಕಲಂ ಇದೆ, 6ನೆಯದು. 2019ರ ತಿದ್ದುಪಡಿಯ ನಂತರ ಲೈಸನ್ಸ್ ಇಲ್ಲದೆ ಈ ಕೆಲಸ ಮಾಡಿದರೆ ಏಳು ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ. ಲೈಸನ್ಸ್ ಇಲ್ಲದ ರಿಪೇರಿಗೂ ಅದೇ ಪ್ರಮಾಣ. ಕಾನೂನು ಬಿಡಿ, ಕೆಲಸವೂ ಕೆಡುತ್ತದೆ. 12 ಬೋರಿನ ನಳಿಗೆ ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಚರೆಗಳು ಚದುರದೆ ಒಟ್ಟಾಗಿ ಹೋಗುವುದು ಆ ಕಿರಿದುತನದಿಂದಲೇ. ತುದಿ ಕತ್ತರಿಸಿದಿರೆಂದರೆ ಬಂದೂಕಿನ ಗುರಿಯನ್ನೇ ಕತ್ತರಿಸಿ ಎಸೆದಂತೆ.

12 ಬೋರ್ ಅಂದರೇನು ಎಂದು ಕೇಳಿದರೆ ಬಂದೂಕು ಇಟ್ಟುಕೊಂಡವರೂ ಬಹಳಷ್ಟು ಮಂದಿ ತಡವರಿಸುತ್ತಾರೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡೂ ಸುಮಾರು 18.5 ಮಿಲಿಮೀಟರ್ ದಪ್ಪ ಬರುತ್ತದೆ. ಆ ಗುಂಡು ಹಿಡಿಸುವ ನಳಿಗೆಯೇ 12 ಬೋರ್. ಅದರೊಳಗೆ ತೋಟಾ ಸಿಡಿದಾಗ ಹುಟ್ಟುವ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 700 ಪಟ್ಟು. ರೈಫಲ್‌ಗಳಲ್ಲಿ ಇದು ಮೂರು ಸಾವಿರ ಪಟ್ಟನ್ನೂ ದಾಟಬಹುದು, ಅದೂ ನಿಮ್ಮ ಕೆನ್ನೆಯಿಂದ ಗೇಣು ದೂರದಲ್ಲಿ. ತೋಟಾದ ತಳಕ್ಕೂ ಅದನ್ನು ಹಿಂದಿನಿಂದ ಒತ್ತಿ ಹಿಡಿಯುವ ಬೋಲ್ಟಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಲೇತ್ ಮಿಸ್ತ್ರಿಗೆ ಅಷ್ಟು ನಯವಾಗಿ ಕಡೆಯಲು ಬರುತ್ತದೆ, ಒಪ್ಪೋಣ. ಎಷ್ಟು ಕಡೆಯಬೇಕು, ಯಾವ ಉಕ್ಕು, ಎಷ್ಟು ಹದ ಎಂಬುದು ಅವನಿಗೆ ಗೊತ್ತಿಲ್ಲ. ಟ್ರ್ಯಾಕ್ಟರಿನ ಪಿನ್ನು ಮುರಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ. ಬೋಲ್ಟ್ ಬಿಟ್ಟುಕೊಂಡರೆ ಅದು ಹಿಂದಕ್ಕೆ, ಕಣ್ಣಿನ ಕಡೆಗೆ ಬರುತ್ತದೆ. ಕುದುರೆ ಹಗುರ ಮಾಡಿಸುವ ಹುಚ್ಚೂ ಇದರ ಜೊತೆಯದೇ. ಕೊಕ್ಕೆಯನ್ನು ಅರದಿಂದ ಎರಡು ಸಲ ಉಜ್ಜಿದರೆ ಬೆರಳಿಗೆ ಹಿತವಾಗುತ್ತದೆ, ಆಮೇಲೊಂದು ದಿನ ಗೋಡೆಗೆ ಒರಗಿಸಿಟ್ಟ ಬಂದೂಕು ಜಾರಿ ಬಿದ್ದಾಗ ತಾನೇ ಹಾರುತ್ತದೆ. ರೈಫಲ್‌ಗೆ ದುರ್ಬೀನು ಕೂರಿಸಲು ತೂತು ಕೊರೆಸುವುದು ಕೂಡ ಈ ಒತ್ತಡ ಹೊರುವ ಭಾಗಕ್ಕೇ ಕೈ ಹಾಕುವ ಕೆಲಸ.

ಏರ್‌ಗನ್ನಿನ ಕಥೆ ಬೇರೆ ಎಂದುಕೊಂಡವರೂ ಒಂದು ಲೆಕ್ಕ ಮಾಡಲಿ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ .177 ಬೋರು ಮತ್ತು 20 ಜೂಲ್ ಶಕ್ತಿ ಮೀರದ ಏರ್‌ರೈಫಲ್‌ಗೆ ಲೈಸನ್ಸ್ ಬೇಡ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಏಳೂವರೆ ಜೂಲ್ ಆಸುಪಾಸು. ಅದೇ ಪೆಲೆಟ್ 283 ಮೀಟರ್ ವೇಗ ಮುಟ್ಟಿತೆಂದರೆ 20 ಜೂಲ್ ಆಯಿತು. ವೇಗ ಒಂದೂವರೆ ಪಟ್ಟು ಚಿಲ್ಲರೆ ಏರುವಷ್ಟರಲ್ಲಿ ಶಕ್ತಿ ಎರಡೂವರೆ ಪಟ್ಟು ದಾಟಿರುತ್ತದೆ, ಏಕೆಂದರೆ ಅದು ವೇಗದ ವರ್ಗದಂತೆ ಬೆಳೆಯುತ್ತದೆ. ಮಂಗ ಓಡಿಸಲು ತಂದ ಏರ್‌ಗನ್ನಿಗೆ ಗಡಸು ಸ್ಪ್ರಿಂಗ್ ಹಾಕಿಸಿದವನು ತನಗೆ ಗೊತ್ತಿಲ್ಲದೆಯೇ ಲೈಸನ್ಸಿಲ್ಲದ ಆಯುಧದ ಮಾಲೀಕನಾಗಬಹುದು.

ಹಾಗಾದರೆ ನಮ್ಮ ಕೈಗೆ ಉಳಿದದ್ದು ಯಾವ ಕೆಲಸ? ಉಳಿದಿದೆ, ಮತ್ತು ಬಂದೂಕಿನ ಆಯುಷ್ಯ ಹೆಚ್ಚಿಸುವುದೂ ಅದೇ. ಚುನಾವಣೆ ಘೋಷಣೆಯಾದಾಗಲೆಲ್ಲ ಲೈಸನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ಬರುವ ರೂಢಿ ನಿಮಗೆ ಗೊತ್ತೇ ಇದೆ. ವಿಧಾನಸಭೆ, ಲೋಕಸಭೆ ಸಾಲದು ಎಂಬಂತೆ 2021ರ ಏಪ್ರಿಲ್‌ನಲ್ಲಿ ಬಸವಕಲ್ಯಾಣಕ್ಕೆ ಉಪಚುನಾವಣೆಯೂ ಬಂತು. ವಾರಗಟ್ಟಲೆ ಕೈ ಮುಟ್ಟದೆ ನಿಂತ ಕಬ್ಬಿಣಕ್ಕೆ ತುಕ್ಕು ಹಿಡಿಯದೆ ಇನ್ನೇನಾದೀತು? ವಾಪಸ್ ತಂದ ದಿನವೇ ಹೊರಸಿನ ಮೇಲೆ ಹಳೆ ಧೋತರ ಹಾಸಿ ಕೂರಬೇಕು. ಮೊದಲು ಮಡಚಿ ನೋಡಿ, ಒಳಗೆ ತೋಟಾ ಇಲ್ಲ ಎಂಬುದು ಕಣ್ಣಿಗೂ ಕಾಣಬೇಕು, ಬೆರಳಿಗೂ ಗೊತ್ತಾಗಬೇಕು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ಕಲೆ, ತಗ್ಗು ಎಲ್ಲ ಕಾಣುತ್ತವೆ. ತೋಟಾ ಕೂರುವ ಕಡೆಯಿಂದಲೇ ಬ್ರಷ್ ತೂರಿಸಿ, ಒಣಬಟ್ಟೆ ಎಳೆದು, ತೆಳುವಾಗಿ ಎಣ್ಣೆ ಸವರಿದರೆ ಮುಗಿಯಿತು. ಮರದ ಕುಂದಾಕ್ಕೆ ನಮ್ಮ ಅಗಸಿ ಎಣ್ಣೆಯೇ ಸಾಕು. ಕಾಯಿಸಿದ ಅಗಸಿ ಎಣ್ಣೆಯಿಂದ ಬಂದೂಕಿನ ಮರ ಪೋಷಿಸುವುದು ಪರದೇಶಗಳಲ್ಲೂ ಹಳೆಯ ಪದ್ಧತಿ. ನಾವು ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸಿ! ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಉಂಡೆ ಕಟ್ಟಿ ಮೂಲೆಗೆಸೆಯಬೇಡಿ, ಆ ಎಣ್ಣೆ ಆರುವಾಗ ತಾನೇ ಕಾವು ಏರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹೊರಗೆ ಗಾಳಿಗೆ ಹರವಿ. ಬಂದೂಕನ್ನು ಚರ್ಮದ ಚೀಲದಲ್ಲೂ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ತುಕ್ಕು ಕಂಡ ಕೂಡಲೇ ಎಮರಿ ಹಾಳೆ ತಂದು ಉಜ್ಜುವವರಿಗೆ ಒಂದು ಮಾತು. ನಳಿಗೆಯ ಬುಡದಲ್ಲಿ ಕೆತ್ತಿದ ಸಂಖ್ಯೆ ಇರುತ್ತದಲ್ಲ, ಹಳೆಯ ಬಂದೂಕುಗಳಲ್ಲಿ ಅದು ಉಗುರು ಆಡಿಸಿದರೆ ಮಾತ್ರ ತಿಳಿಯುವಷ್ಟು ಸವೆದಿರುತ್ತದೆ. ಅರ್ಧ ತಾಸು ಉಜ್ಜಿದರೆ ತುಕ್ಕಿನ ಜೊತೆ ಅದೂ ಹೋಗುತ್ತದೆ. ಗುರುತಿನ ಸಂಖ್ಯೆ ಅಳಿದ ಬಂದೂಕು ಯಾರ ಕೈಯಲ್ಲಿ ಸಿಗುತ್ತದೋ ಅವರೇ ಅಳಿಸಿದವರು ಎಂದು 8ನೇ ಕಲಂ ಊಹಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಹಾಗೆಯೇ ನಳಿಗೆಯ ಮೈಮೇಲೆ ಮರದ ಗೆರೆಯಂಥ ಸುಳಿಸುಳಿ ಚಿತ್ತಾರ ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬಡಿದು ಮಾಡಿದ ಕರಿಮದ್ದಿನ ಕಾಲದ ನಳಿಗೆ. ಈಗಿನ ತೋಟಾ ಅದರಲ್ಲಿ ಹಾಕಲೇಬಾರದು. ಅಂಥದ್ದನ್ನು ರಿಪೇರಿ ಮಾಡಿಸುವ ಆಸೆಯನ್ನೂ ಬಿಡಿ.

ಇನ್ನು ಲೈಸನ್ಸ್ ಇರುವ ಬಂದೂಕು ರಿಪೇರಿಯವನ ಹತ್ತಿರ ಹೋಗುವ ಮಾತು. ಮುತ್ಯಾನಿಗೆ ಓಡಾಡಲು ಆಗದಿದ್ದರೆ ಮೊಮ್ಮಗ ಒಯ್ಯಬಹುದು, ರಿಪೇರಿಗೆಂದು ಲೈಸನ್ಸುದಾರನ ಲಿಖಿತ ಅಧಿಕಾರಪತ್ರ ಜೇಬಿನಲ್ಲಿ ಇರಬೇಕಷ್ಟೆ; ಕಾಯ್ದೆಯ 3ನೇ ಕಲಂ ಇದಕ್ಕೆ ಒಪ್ಪಿದೆ. ನಮ್ಮವರು ಎಡವುವುದು ದಾರಿಯಲ್ಲಿ. ಹುಮನಾಬಾದಿನವರ ಮನಸ್ಸು ಯಾವ ಸಾಮಾನಿಗೂ ಹೈದರಾಬಾದಿನ ಕಡೆ ಓಡುತ್ತದೆ, ಬಸವಕಲ್ಯಾಣದವರದು ಸೋಲಾಪುರದ ಕಡೆಗೆ. ಹಳೆಯ ರೂಢಿ ಅದು. ಈಗ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಜಹೀರಾಬಾದಿಗೆ ಮುಂಚೆಯೇ ತೆಲಂಗಾಣ, ಪಶ್ಚಿಮಕ್ಕೆ ಹೋದರೆ ಉಮರ್ಗಾದಲ್ಲಿ ಮಹಾರಾಷ್ಟ್ರ. ಲೈಸನ್ಸಿನಲ್ಲಿ ಅದು ನಡೆಯುವ ವ್ಯಾಪ್ತಿ ಎಂದು ಒಂದು ಸಾಲಿರುತ್ತದೆ. ಅಲ್ಲಿ ಕರ್ನಾಟಕ ಎಂದಷ್ಟೇ ಬರೆದಿದ್ದರೆ ಗಡಿ ದಾಟಿದ ಕ್ಷಣದಿಂದ ನಿಮ್ಮ ಕೈಲಿರುವುದು ಲೈಸನ್ಸಿಲ್ಲದ ಬಂದೂಕು, ರಿಪೇರಿಗೇ ಒಯ್ದಿದ್ದರೂ.

ಬೀದರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲೈಸನ್ಸ್ ನೋಡಿಕೊಳ್ಳುವ ವಿಭಾಗಕ್ಕೆ ಹೋಗಿ, ರಿಪೇರಿಯ ಲೈಸನ್ಸ್ ಇರುವವರು ರಾಜ್ಯದೊಳಗೆ ಎಲ್ಲೆಲ್ಲಿ ಇದ್ದಾರೆ ಎಂದು ಮೊದಲು ವಿಚಾರಿಸಿ. ಅಂಗಡಿಯವನ ಲೈಸನ್ಸ್ ಗೋಡೆ ಮೇಲೆ ಇಲ್ಲದಿದ್ದರೆ ಕೇಳಿ ನೋಡಿ, ಸಂಕೋಚ ಬೇಡ. ಬಂದೂಕಿನ ಸಂಖ್ಯೆ, ಮಾಡಬೇಕಾದ ಕೆಲಸ, ತಾರೀಖು ಮೂರೂ ಬರೆದ ರಸೀದಿ ಕೈಗೆ ಬರುವ ತನಕ ಬಂದೂಕನ್ನು ಅಲ್ಲಿ ಬಿಟ್ಟು ಬರಬೇಡಿ.