ಬಾಗಿಲಿಲ್ಲದ ಕಣಶೋಧಕ

ನಮ್ಮ ಮನೆಯಲ್ಲಿ ಕಣವೆಂದರೆ ರಾಗಿ ಒಕ್ಕುವ ಕಣ. ನಾನು ಹೇಳಹೊರಟಿರುವ ಕಣ ಬೇರೆ.

ಜಿನೀವಾ ನಗರದ ಸಮೀಪ, ಸರ್ನ್ ಸಂಸ್ಥೆಯ ನೆಲಮಾಳಿಗೆಯಲ್ಲಿ ‘ಆಲಿಸ್’ ಎಂಬ ಶೋಧಕವುಂಟು. ಅಲ್ಲಿ ಸೀಸದ ಪರಮಾಣು ಬೀಜಗಳು ಬೆಳಕಿನಷ್ಟೇ ಎನ್ನಬಹುದಾದ ವೇಗದಲ್ಲಿ ಡಿಕ್ಕಿ ಹೊಡೆದು ಸಾವಿರಾರು ಕಣಗಳಾಗಿ ಸಿಡಿಯುತ್ತವೆ. ವಿಶ್ವ ಹುಟ್ಟಿದ ಹೊಸತರಲ್ಲಿದ್ದಂಥ ದ್ರವ್ಯ ಆಗ ಅರೆಗಳಿಗೆ ಮೂಡುತ್ತದೆ.

ಕಣಗಳ ಜಾಡು ಹಿಡಿಯುವುದು ಐದು ಮೀಟರು ಉದ್ದದ, ಅನಿಲ ತುಂಬಿದ ಒಂದು ಪೀಪಾಯಿ. ಕಣ ಹಾದಲ್ಲೆಲ್ಲ ಅನಿಲದಿಂದ ಎಲೆಕ್ಟ್ರಾನುಗಳು ಬಿಡಿಸಿಕೊಂಡು ಪೀಪಾಯಿಯ ತುದಿಗೆ ಸಾಗುತ್ತವೆ. ಅಲ್ಲಿ ಅವನ್ನು ಸಾವಿರಾರು ಪಾಲು ಹೆಚ್ಚಿಸಿದರೆ ಮಾತ್ರ ಸುಳಿವು ಸಿಕ್ಕೀತು. ತೊಡಕಿರುವುದು ಇಲ್ಲಿಯೇ. ಹೆಚ್ಚಿಸುವಾಗ ಹುಟ್ಟುವ ಧನ ಅಯಾನುಗಳು ಹಿಂದಕ್ಕೆ ನುಗ್ಗಿದರೆ ಮುಂದಿನ ಜಾಡುಗಳೆಲ್ಲ ಸೊಟ್ಟಗಾಗುತ್ತವೆ. ಆದ್ದರಿಂದ ಮೊದಲು ತಂತಿಗಳ ಬಾಗಿಲೊಂದಿತ್ತು. ಒಂದು ಡಿಕ್ಕಿಯನ್ನು ದಾಖಲಿಸಿದೊಡನೆ ಅದು ಮುಚ್ಚುತ್ತಿತ್ತು. ಮುಚ್ಚಿದ್ದಾಗ ಅಪರೂಪದ ಕಣವೇ ಬಂದರೂ ಲೆಕ್ಕಕ್ಕಿಲ್ಲ! ಸೆಕೆಂಡಿಗೆ 50,000 ಡಿಕ್ಕಿಗಳನ್ನು ನೋಡಬೇಕಾದರೆ ಬಾಗಿಲು ಇರಕೂಡದು.

2019ರಲ್ಲಿ ಪೀಪಾಯಿಯನ್ನು ಮೇಲಕ್ಕೆತ್ತಿದರು. ತಂತಿಗಳ ಬದಲು, ಸೂಕ್ಷ್ಮ ರಂಧ್ರಗಳುಳ್ಳ ತೆಳುಹಾಳೆಗಳನ್ನು ನಾಲ್ಕು ಪದರವಾಗಿ ಕೂಡಿಸಿದರು. ಜರಡಿಯೆನ್ನೋಣವೆಂದರೆ ಇದು ಗಾತ್ರ ನೋಡುವುದಿಲ್ಲ, ವಿದ್ಯುತ್ತಿನ ಸೆಳೆತದಿಂದ ಕೆಲಸ ಮಾಡುತ್ತದೆ. ಎಲೆಕ್ಟ್ರಾನುಗಳು ರಂಧ್ರಗಳಲ್ಲಿ ಹೆಚ್ಚುತ್ತ ಮುಂದೆ ಸಾಗುತ್ತವೆ. ಅಯಾನುಗಳು ಬಹುಮಟ್ಟಿಗೆ ಹಾಳೆಗಳಲ್ಲೇ ಸಿಕ್ಕಿಬೀಳುತ್ತವೆ. ನೂರಕ್ಕೊಂದು ಸಹ ಹಿಂತಿರುಗದು. ಈ ಜಾಣ್ಮೆಯೇ ನನ್ನನ್ನು ಬಹಳ ಮೆಚ್ಚಿಸಿತು.

2020ರ ಆಗಸ್ಟಿನಲ್ಲಿ ಪೀಪಾಯಿ ಮತ್ತೆ ಕೆಳಗಿಳಿಯಿತು. 2023ರಲ್ಲಿ ಸೀಸದ ಡಿಕ್ಕಿಗಳನ್ನು ಎಡೆಬಿಡದೆ ದಾಖಲಿಸಿತು. ಹಿಂತಿರುಗುವ ಅಷ್ಟಿಷ್ಟು ಅಯಾನುಗಳೂ ಜಾಡನ್ನು ಸೆಂಟಿಮೀಟರುಗಟ್ಟಲೆ ಬಾಗಿಸಬಲ್ಲವು. ಆ ಬಾಗನ್ನು ಗಣಕಯಂತ್ರಗಳು ಲೆಕ್ಕಹಾಕಿ ತಿದ್ದುತ್ತವೆ.