ಲೇಪದ ಗುಣವನ್ನು ಅಳೆಯುವ ಬಗೆ

ಗಾಂಜಾ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಮಲು. ಆದರೆ ಅದೇ ಗಿಡದ ಒಂದು ಅಂಶ ಇಂದು ಮುಖಲೇಪ, ಶಾಂಪೂ, ಮುಲಾಮುಗಳ ಡಬ್ಬಿಯ ಮೇಲೆ ಗೌರವದ ಸ್ಥಾನ ಪಡೆದಿದೆ. ಅದರ ಹೆಸರು ಕ್ಯಾನಬಿಡಿಯಾಲ್. 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಶೂಲಂ ಮತ್ತು ಸಹೋದ್ಯೋಗಿಗಳು ಇದರ ರಚನೆಯನ್ನು ಖಚಿತಪಡಿಸಿದರು. ಅಮಲೇರಿಸುವ ಟಿ.ಎಚ್.ಸಿ. ಇದರ ಸಮೀಪದ ಬಂಧುವಾದರೂ ಆ ಗುಣ ಇದಕ್ಕಿಲ್ಲ. ಇದರಿಂದ ಮೊಡವೆ ಮಾಯುತ್ತದೆ, ಚರ್ಮದ ಉರಿ ತಣಿಯುತ್ತದೆ, ಸುಕ್ಕು ತಗ್ಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಈ ಮಾತನ್ನು ಒರೆಗೆ ಹಚ್ಚುವುದು ಹೇಗೆಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಮೊದಲ ಪ್ರಶ್ನೆ ಸರಳವಾದುದು: ಹೇಳಿದ ವಸ್ತು ಡಬ್ಬಿಯಲ್ಲಿ ಇದೆಯೇ? ದ್ರವ ಕ್ರೊಮ್ಯಾಟೋಗ್ರಫಿ ಎಂಬ ವಿಧಾನದಿಂದ ಲೇಪದ ಘಟಕಗಳನ್ನು ಬೇರೆ ಬೇರೆ ಮಾಡಿ ಅಳೆಯಬಹುದು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚರ್ಮಕ್ಕೆ ಹಚ್ಚುವ 105 ಸರಕುಗಳನ್ನು ಪರೀಕ್ಷಿಸಲಾಯಿತು. ಕ್ಯಾನಬಿಡಿಯಾಲಿನ ಪ್ರಮಾಣ ನಮೂದಿಸಿದ್ದ 89ರ ಪೈಕಿ ಲೆಕ್ಕ ಸರಿಯಾಗಿದ್ದುದು 21ರಲ್ಲಿ ಮಾತ್ರ. 52ರಲ್ಲಿ ಹೇಳಿದ್ದಕ್ಕಿಂತ ಹೆಚ್ಚು, 16ರಲ್ಲಿ ಕಡಿಮೆ. 105ರಲ್ಲಿ 37 ಸರಕುಗಳಲ್ಲಿ ಟಿ.ಎಚ್.ಸಿ. ಸಹ ಕಂಡುಬಂದಿತು. ಇನ್ನು ಗಿಡದ ಬೀಜದ ಎಣ್ಣೆಯ ಮಾತು. ಕ್ಯಾನಬಿಡಿಯಾಲ್ ಕೂಡಿಕೊಳ್ಳುವುದು ಹೂಗೊಂಚಲಿನ ಅಂಟುರೋಮಗಳಲ್ಲಿ. ಬೀಜದಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಬೀಜದೆಣ್ಣೆಯ ಲೇಪಕ್ಕೆ ಗಾಂಜಾ ಎಲೆಯ ಚಿತ್ರ ಅಂಟಿಸಿದರೆ, ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತಾಯಿತು. ಬೆಳಕು, ಶಾಖ, ಗಾಳಿಗಳಿಗೆ ಈ ವಸ್ತು ಕೆಡುವುದರಿಂದ, ತಯಾರಾದ ದಿನದ ಅಳತೆಯೊಂದೇ ಸಾಲದು. ತಿಂಗಳುಗಳ ಬಳಿಕ ಮತ್ತೆ ಅಳೆಯಬೇಕು.

ಎರಡನೆಯದು, ಅದು ಚರ್ಮದೊಳಕ್ಕೆ ಇಳಿಯುತ್ತದೆಯೇ ಎಂಬುದು. ಚರ್ಮದ ಹೊರಪದರ ಹೊರಗಿನದನ್ನು ತಡೆಯುವುದಕ್ಕೆಂದೇ ಇರುವ ಕೋಟೆ. ಅಣುತೂಕ 500ನ್ನು ಮೀರಿದ ವಸ್ತು ಅದನ್ನು ದಾಟುವುದು ಕಷ್ಟವೆಂಬುದು ಸಾಮಾನ್ಯ ನಿಯಮ. ಕ್ಯಾನಬಿಡಿಯಾಲಿನ ಅಣುತೂಕ ಸುಮಾರು 314, ಹಾಗಾಗಿ ಅಡ್ಡಿಯಿಲ್ಲವೆನ್ನಿಸುತ್ತದೆ. ಆದರೆ ಅದಕ್ಕೆ ಎಣ್ಣೆಯ ನಂಟು ಬಹಳ. ಜಿಡ್ಡಿನ ಹೊರಪದರದಲ್ಲೇ ನೆಲೆ ನಿಂತು, ನೀರಿನಂಶ ಹೆಚ್ಚಿರುವ ಒಳಪದರಕ್ಕೆ ಇಳಿಯಲು ಹಿಂಜರಿಯುತ್ತದೆ. ಇದನ್ನು ಅಳೆಯಲು ಫ್ರಾಂಜ್ ಕೋಶವೆಂಬ ಗಾಜಿನ ಉಪಕರಣವಿದೆ. ಅದರ ಎರಡು ಭಾಗಗಳ ನಡುವೆ ಚರ್ಮದ ತುಣುಕನ್ನು ಬಿಗಿದು, ಮೇಲೆ ಲೇಪ ಹಚ್ಚಿ, ಕೆಳಗಿನ ದ್ರವಕ್ಕೆ ಇಳಿದುದೆಷ್ಟು, ಚರ್ಮದಲ್ಲೇ ಉಳಿದುದೆಷ್ಟು ಎಂದು ಗಂಟೆಗಂಟೆಗೂ ನೋಡುತ್ತಾರೆ.

ಮೂರನೆಯದು, ಇಳಿದ ಮೇಲೆ ಅದು ಮಾಡುವ ಕೆಲಸ. 2014ರಲ್ಲಿ ಹಂಗೆರಿಯ ಡೆಬ್ರೆಟ್ಸೆನ್ ವಿಶ್ವವಿದ್ಯಾಲಯದ ತಂಡ, ಜಿಡ್ಡು ಸ್ರವಿಸುವ ಮಾನವ ಜೀವಕೋಶಗಳನ್ನು ಬೆಳೆಸಿ ಪರೀಕ್ಷಿಸಿತು. ಕ್ಯಾನಬಿಡಿಯಾಲಿನಿಂದ ಅತಿಯಾದ ಜಿಡ್ಡಿನ ಉತ್ಪತ್ತಿ ತಗ್ಗಿತು, ಉರಿಯೂತದ ಲಕ್ಷಣಗಳೂ ಇಳಿದವು. ಇದು ಭರವಸೆಯ ಫಲಿತಾಂಶವೇ ಸರಿ. ಆದರೆ ಪ್ರಯೋಗಶಾಲೆಯ ಬಟ್ಟಲಿನಲ್ಲಿ ಹೊರಪದರದ ಕೋಟೆಯಿಲ್ಲ, ಬೆವರಿಲ್ಲ, ಬಿಸಿಲಿಲ್ಲ.

ಆದ್ದರಿಂದ ಕೊನೆಯ ತೀರ್ಪು ಮನುಷ್ಯರ ಮುಖದ ಮೇಲೆಯೇ ಆಗಬೇಕು. ಒಂದು ಗುಂಪಿಗೆ ಔಷಧವಿರುವ ಲೇಪ, ಇನ್ನೊಂದಕ್ಕೆ ಔಷಧವಿಲ್ಲದ ಅದೇ ಲೇಪ. ಯಾರಿಗೆ ಯಾವುದೆಂದು ಹಚ್ಚಿಕೊಳ್ಳುವವರಿಗೂ ಪರೀಕ್ಷಿಸುವವರಿಗೂ ತಿಳಿದಿರಬಾರದು. ಆಸ್ಟ್ರೇಲಿಯದ ಬೊಟಾನಿಕ್ಸ್ ಎಂಬ ಕಂಪನಿ ಮೊಡವೆಗಾಗಿ ಇಂಥ ಪರೀಕ್ಷೆ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಹನ್ನೆರಡು ವಾರಗಳಲ್ಲಿ ಔಷಧ ಹಚ್ಚಿಕೊಂಡವರ ಮೊಡವೆ ಇಳಿದುದು ನಿಜ. ಆದರೆ ಬರಿಯ ಲೇಪ ಹಚ್ಚಿಕೊಂಡವರಲ್ಲಿಯೂ ಸಾಕಷ್ಟು ಇಳಿದಿತ್ತು. ಪರೀಕ್ಷೆಯ ಮುಖ್ಯ ಗುರಿ ಕೈಗೂಡಲಿಲ್ಲ. ಎರಡನೆಯ ಗುಂಪಿಲ್ಲದೆ ಹೋಗಿದ್ದರೆ ಎಲ್ಲ ಕೀರ್ತಿಯೂ ಕ್ಯಾನಬಿಡಿಯಾಲಿಗೇ ಸಲ್ಲುತ್ತಿತ್ತು. 'ಹಚ್ಚಿದೆ, ವಾಸಿಯಾಯಿತು' ಎಂಬ ನೆರೆಮನೆಯವರ ಸಾಕ್ಷ್ಯ ಏಕೆ ಸಾಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ಇದರಿಂದ ಕ್ಯಾನಬಿಡಿಯಾಲ್ ನಿರುಪಯೋಗಿ ಎಂದು ತೀರ್ಮಾನಿಸಬಾರದು. ಅಪರೂಪದ ಎರಡು ಬಗೆಯ ಅಪಸ್ಮಾರಗಳಿಗೆ ಬಾಯಿಯ ಮೂಲಕ ಕೊಡುವ ಔಷಧವಾಗಿ 2018ರಲ್ಲಿ ಅಮೆರಿಕ ಅದಕ್ಕೆ ಮನ್ನಣೆಯಿತ್ತಿತು. ಇಂಥ ಕಠಿಣ ಪರೀಕ್ಷೆಗಳನ್ನು ದಾಟಿದ್ದರಿಂದಲೇ ಆ ಮನ್ನಣೆ ದೊರೆಯಿತು. ಅಲ್ಲಿ ಗಳಿಸಿದ ಹೆಸರನ್ನು ಮುಖಲೇಪ ಸಾಲ ಪಡೆಯಲಾಗದು. ಇಸುಬಿನಿಂದ ನವೆಪಡುತ್ತಿರುವ ಮಗುವಿನ ತಾಯಿ ದುಬಾರಿ ಡಬ್ಬಿಯನ್ನು ನಂಬಿ ವೈದ್ಯರ ಬಳಿ ಹೋಗುವುದನ್ನು ಮುಂದೂಡಿದರೆ, ನಷ್ಟ ಹಣದ್ದಷ್ಟೇ ಅಲ್ಲ. ಎಷ್ಟಿದೆ, ಎಲ್ಲಿಗಿಳಿಯಿತು, ಯಾವುದರೊಡನೆ ಹೋಲಿಸಿದಿರಿ? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ವಿವೇಕ.