ರತ್ನಗಂಬಳಿಯ ಪರವಾಗಿ

ಅಗ್ಗದ ಹೋಟೆಲಿನಲ್ಲಿ ಮಕ್ಕಳ ಗಲಾಟೆಯನ್ನು ಯಾರೂ ಲೆಕ್ಕಿಸುವುದಿಲ್ಲ, ದುಬಾರಿ ಹೋಟೆಲಿನಲ್ಲಿ ಲೆಕ್ಕಿಸದವರೇ ಇಲ್ಲ. ಆದುದರಿಂದ ಎಳೆಯ ಮಕ್ಕಳನ್ನುಳ್ಳವರು, ಅದರಲ್ಲಿಯೂ ಆಟಿಸಂ ಇರುವ ಮಗುವಿನ ತಂದೆತಾಯಂದಿರು, ಮೊದಲನೆಯದರಲ್ಲಿಯೇ ತೃಪ್ತರಾಗಿ ಎರಡನೆಯದರ ಹೊಸ್ತಿಲನ್ನು ತುಳಿಯದಿರುವುದು ಲೇಸೆಂಬ ಮಾತು ನಮ್ಮ ಬಂಧುಬಳಗದಲ್ಲಿ ಯಾರೂ ಬರೆಯದ ಶಾಸನವಾಗಿ ನಡೆದುಬಂದಿದೆ. ಕಳೆದ ತಿಂಗಳ ಒಂದು ಮಂಗಳವಾರ ಸಂಜೆ ಬೆಂಗಳೂರಿನ ಹಳೆಯ ಪಂಚತಾರಾ ಹೋಟೆಲೊಂದರ ಭೋಜನಶಾಲೆಯಲ್ಲಿ ಆ ಶಾಸನ ತಲೆಕೆಳಗಾದುದನ್ನು ಕಣ್ಣಾರೆ ಕಂಡು ಬಂದವನು ನಾನು. ಅದರ ಸಂಭ್ರಮ ಇನ್ನೂ ಇಳಿದಿಲ್ಲವಾಗಿ, ಈ ಲೇಖನದಲ್ಲಿ ತಕ್ಕಡಿ ಒಂದು ಕಡೆಗೆ ವಾಲಿದರೆ ಓದುಗರು ಮನ್ನಿಸಬೇಕು.

ನನ್ನ ತಂಗಿಯ ಮಗಳ ಮದುವೆಯಾಗಿ ಹತ್ತು ವರ್ಷ ತುಂಬಿದ ದಿನವದು. ಅವಳ ಮಗನಿಗೆ ಏಳು ವರ್ಷ. ಮಾತು ಕಡಿಮೆ, ಶ್ರವಣ ಅತಿ ತೀಕ್ಷ್ಣ, ನಕ್ಷೆಗಳಲ್ಲಿಯೂ ಲಿಫ್ಟುಗಳಲ್ಲಿಯೂ ಅಪಾರವಾದ ಆಸಕ್ತಿ. ಕೆಲವು ವರ್ಷಗಳ ಹಿಂದೆ ಅವರು, ಮಕ್ಕಳಿಗೆ ವಿಶೇಷ ಸ್ವಾಗತವೆಂದು ಬಲೂನುಗಳ ನಡುವೆ ಸಾರಿಕೊಂಡಿದ್ದ ಒಂದು ವಿಶಾಲವಾದ ಫ್ಯಾಮಿಲಿ ರೆಸ್ಟೋರೆಂಟಿಗೆ ಹೋಗಿದ್ದರು. ಪಕ್ಕದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬ. ಥಟ್ಟನೆ ದೀಪಗಳಾರಿ, ಧ್ವನಿವರ್ಧಕದಿಂದ ಹಾಡು ಸಿಡಿದು, ಐದಾರು ಮಂದಿ ಪರಿಚಾರಕರು ಚಪ್ಪಾಳೆ ತಟ್ಟುತ್ತ, ಕಿಡಿಯುಗುಳುವ ಮೇಣದಬತ್ತಿಯನ್ನು ಚುಚ್ಚಿದ ಕೇಕನ್ನು ಹೊತ್ತು ಮೆರವಣಿಗೆ ಹೊರಟಾಗ, ಹುಡುಗ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರಿದವನು ಎಷ್ಟು ಕರೆದರೂ ಹೊರಬರಲಿಲ್ಲ. ಅಂದಿನಿಂದ ಆ ಮನೆಯವರಿಗೆ ಹೊರಗಿನ ಊಟವೆಂದರೆ ಪಾರ್ಸೆಲ್ಲೇ ಆಗಿಹೋಗಿತ್ತು.

ಈ ಸಲ ದೊಡ್ಡ ಹೋಟೆಲಿಗೇ ಹೋಗೋಣವೆಂದು ನಾನು ಹಟ ಹಿಡಿದಾಗ, “ಮಾವ, ಹಾಗಾದರೆ ಫೋನು ನೀವೇ ಮಾಡಿ. ನಾನು ಮಾಡಿದರೆ ಬೇಡಿಕೊಂಡ ಹಾಗೆ ಕೇಳಿಸುತ್ತೆ” ಎಂದಳು ಅವಳು. ಮಾಡಿದೆ. ಕರೆಯನ್ನು ತೆಗೆದುಕೊಂಡಾತ ನನ್ನ ದೀರ್ಘ ಪೀಠಿಕೆಯನ್ನು ನಡುವೆ ತಡೆಯದೆ ಕೇಳಿ, ಮಗುವಿಗೆ ಬೆನ್ನ ಹಿಂದೆ ಗೋಡೆಯಿದ್ದರೆ ಹಿತವೋ ಎದುರಿಗೆ ಕಿಟಕಿಯಿದ್ದರೆ ಹಿತವೋ ಎಂದು ವಿಚಾರಿಸಿದ, ಏನನ್ನು ತಿನ್ನುತ್ತಾನೆಂದು ವಿಚಾರಿಸಿದ, ಕಡೆಗೆ, “ಸರ್, ಊಟ ಬರೋವರೆಗೂ ಮಗು ಎಷ್ಟು ಹೊತ್ತು ಕಾಯುತ್ತೆ?” ಎಂದ. ಈ ಕೊನೆಯ ಪ್ರಶ್ನೆಯೇ ನನ್ನನ್ನು ಗೆದ್ದದ್ದು. ಆಟಿಸಂನ ಹೆಸರನ್ನು ಬಲ್ಲವರು ಇಂದು ಅನೇಕರು; ಮಗುವಿನ ನಿಜವಾದ ಶತ್ರು ನಿರೀಕ್ಷೆಯ ಆ ಖಾಲಿ ಇಪ್ಪತ್ತು ನಿಮಿಷವೆಂಬುದನ್ನು ಬಲ್ಲವರು ವಿರಳ.

ಏಳು ಗಂಟೆಗೆ ಸರಿಯಾಗಿ ಬಾಗಿಲು ತೆರೆದಾಗ ಒಳಗೆ ನಾವು, ಮತ್ತು ಮೂಲೆಯಲ್ಲಿ ಒಂದು ವಿದೇಶೀ ವೃದ್ಧ ದಂಪತಿ, ಇಷ್ಟೇ ಮಂದಿ. ಕಾಲು ಹೂತುಹೋಗುವ ರತ್ನಗಂಬಳಿ, ನೆಲಮುಟ್ಟುವ ಮಖಮಲ್ಲಿನ ಪರದೆಗಳು, ಮೆತ್ತೆ ಹಾಕಿದ ಕುರ್ಚಿಗಳು, ಬಿಳಿಯ ಮೇಜುಬಟ್ಟೆ, ಅದರಡಿಯಲ್ಲಿ ತಟ್ಟೆಯ ಸದ್ದನ್ನು ನುಂಗುವ ಉಣ್ಣೆಯ ಹಾಸು. ಹೊಸ ಕಾಲದ ವಿನ್ಯಾಸಕರು ಹಳಸಿದ ರುಚಿಯೆಂದು ಮೂಗು ಮುರಿಯುವ ಸಕಲ ಸಾಮಗ್ರಿಯೂ ಅಲ್ಲಿತ್ತು. ಹುಡುಗ ಹೊಸ್ತಿಲಲ್ಲಿ ನಿಂತು ಅತ್ತಿತ್ತ ನೋಡಿದ. ಅನಂತರ, ಯಾರೂ ಹೇಳದಿದ್ದರೂ, ಸದ್ದನ್ನು ತಡೆಯಲೆಂದು ಕಿವಿಗೆ ತೊಟ್ಟಿದ್ದ ಹೆಡ್‌ಫೋನನ್ನು ತಾನೇ ತೆಗೆದು ಕೊರಳಿಗೆ ಇಳಿಬಿಟ್ಟುಕೊಂಡ. ತಾಯಿ ನನ್ನ ಕಡೆ ನೋಡಿದಳು. ಮನೆಯ ಹೊರಗೆ ಅವನು ಅದನ್ನು ತಾನಾಗಿ ತೆಗೆಯುವುದಿಲ್ಲ.

ಇಲ್ಲಿ ಓದುಗರು ನನ್ನೊಡನೆ ಸ್ವಲ್ಪ ಅಡ್ಡದಾರಿಗೆ ಬರಬೇಕು; ಏಕೆಂದರೆ ರತ್ನಗಂಬಳಿಯ ಮಹಿಮೆಯನ್ನು ಕೊಂಡಾಡಹೊರಟವನು ವ್ಯಾಲೇಸ್ ಕ್ಲೆಮೆಂಟ್ ಸಬೀನನನ್ನು ನೆನೆಯದಿದ್ದರೆ ಕೃತಘ್ನನಾಗುತ್ತಾನೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು, ಫಾಗ್ ಕಲಾಸಂಗ್ರಹಾಲಯದ ಹೊಚ್ಚಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳಷ್ಟು ಕಾಲ ಗೋಡೆಯಿಂದ ಗೋಡೆಗೆ ಅಲೆದು, ಒಂದು ಪದ ಅಡಗುವ ಮೊದಲೇ ಹತ್ತು ಪದಗಳು ಅದರ ಮೇಲೆ ಬಿದ್ದು, ಉಪನ್ಯಾಸವೆಲ್ಲ ಬರಿಯ ಮೊರೆತವಾಗುತ್ತಿರುವುದನ್ನು ಸಹಿಸಲಾರದೆ, ಭೌತಶಾಸ್ತ್ರದ ಈ ತರುಣ ಅಧ್ಯಾಪಕನನ್ನು ಕರೆದು ಪರಿಹಾರವನ್ನು ಹುಡುಕೆಂದರು. ಆತ ಮಾಡಿದುದೇನು? ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು ಮಂದಿರದಲ್ಲಿ ಸ್ವಲ್ಪಸ್ವಲ್ಪವಾಗಿ ಹರಡುತ್ತ, ಆರ್ಗನ್ನಿನ ಒಂದು ಕೊಳವೆಯನ್ನು ಊದಿಸಿ ನಿಲ್ಲಿಸಿ, ಅದರ ದನಿ ತನ್ನ ಕಿವಿಗೆ ಪೂರ್ತಿಯಾಗಿ ಅಡಗುವವರೆಗಿನ ಕಾಲವನ್ನು ಅಳೆಯುತ್ತ ಕುಳಿತ. ಹಗಲಿನ ಬೀದಿಯ ಸದ್ದು ಈ ಕೆಲಸಕ್ಕೆ ಒಗ್ಗದಾದುದರಿಂದ ಊರು ಮಲಗಿದ ಮೇಲೆಯೇ ಎಲ್ಲವೂ ನಡೆಯಬೇಕು; ಬೆಳಗಾಗುವುದರೊಳಗೆ ಮೆತ್ತೆಗಳು ಮರಳಿ ನಾಟಕಶಾಲೆಯನ್ನು ಸೇರಬೇಕು. ನಡುವೆ, ತಾನು ತೊಟ್ಟ ಬಟ್ಟೆಯೂ ಸದ್ದನ್ನು ಹೀರುತ್ತಿರುವುದು ಅವನ ಗಮನಕ್ಕೆ ಬಂದಿತು. ಕೂಡಲೇ ಹಿಂದಿನ ಅಳತೆಗಳನ್ನು ಬದಿಗೊತ್ತಿ, ಅಲ್ಲಿಂದ ಮುಂದೆ ಒಂದೇ ಉಡುಪನ್ನು ತೊಟ್ಟು ಪ್ರಯೋಗ ನಡೆಸಿದ. ಇಂತಹ ನಿಷ್ಠೆಯ ಮುಂದೆ ನಮ್ಮ ವ್ರತನಿಯಮಗಳು ಯಾವ ಲೆಕ್ಕ!

ಕೋಣೆ ದೊಡ್ಡದಾದಷ್ಟೂ ಅನುರಣನ ದೀರ್ಘ, ಅದನ್ನು ಹೀರುವ ವಸ್ತು ಹೆಚ್ಚಿದಷ್ಟೂ ಹ್ರಸ್ವ ಎಂಬ ಸರಳ ಸೂತ್ರ ಈ ತಪಸ್ಸಿನ ಫಲ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲು ಅವನ ಲೆಕ್ಕಾಚಾರದ ಮೇಲೆಯೇ ಎದ್ದು ನಿಂತದ್ದು. ಹೀರುವಿಕೆಯನ್ನು ಅಳೆಯಲು ಸಬೀನ್ ಬಳಸಿದ ಮಾನವಂತೂ ನನಗೆ ಪರಮಪ್ರಿಯ: ತೆರೆದ ಕಿಟಕಿ! ಕಿಟಕಿಯಿಂದ ಆಚೆಗೆ ಹೋದ ಸದ್ದು ಮರಳಿ ಬಾರದು. ಆದುದರಿಂದ ಈ ಪರದೆ ಎಷ್ಟು ತೆರೆದ ಕಿಟಕಿಗೆ ಸಮ, ಈ ಗಂಬಳಿ ಎಷ್ಟಕ್ಕೆ ಸಮ ಎಂದು ಅವನು ಎಣಿಸಿದ. ಈ ದೃಷ್ಟಿಯಿಂದ ನೋಡಿದರೆ ಅಂಗಳದ ಊಟಕ್ಕೆ ಆಕಾಶವೇ ಮಹಾಗವಾಕ್ಷವಾಗಿ, ರೆಸಿಡೆನ್ಸಿ ರಸ್ತೆಯಲ್ಲಿ 1990ರಿಂದ ನಡೆದಿರುವ ‘ಕರಾವಳಿ’ಯಂತೆ ಬಯಲಿನಲ್ಲಿಯೂ ಮೇಜು ಹಾಕುವ ಭೋಜನಶಾಲೆಗಳು ಗಂಬಳಿಯಿಲ್ಲದೆಯೇ ಗಂಬಳಿಯ ಫಲವನ್ನು ಕೊಡುತ್ತವೆ.

ಇಂದಿನ ಶ್ರೀಮಂತ ರೆಸ್ಟೋರೆಂಟುಗಳು ಸಬೀನನ ಪಾಠವನ್ನು ಹಿಂದುಮುಂದಾಗಿ ಓದಿಕೊಂಡಿರುವಂತೆ ತೋರುತ್ತದೆ. ನುಣುಪಾದ ಕಾಂಕ್ರೀಟಿನ ನೆಲ, ಗಾಜಿನ ಗೋಡೆ, ಕೊಳವೆಗಳು ಕಾಣುವಂತೆ ಬೋಳಾಗಿ ಬಿಟ್ಟ ಛಾವಣಿ, ಬರಿಯ ಮರದ ಮೇಜು, ಅದರಾಚೆಗೆ ಬಾಣಲೆ ಸೌಟುಗಳ ಕಾಳಗವನ್ನು ಪ್ರದರ್ಶಿಸುವ ತೆರೆದ ಅಡಿಗೆಮನೆ: ಇವುಗಳಲ್ಲಿ ಒಂದಾದರೂ ಸದ್ದನ್ನು ಹೀರುವ ಪೈಕಿಯದಲ್ಲ. ಇದರ ಮೇಲೆ, ಸುತ್ತಲ ಗದ್ದಲ ಏರಿದಂತೆ ಮನುಷ್ಯ ತಾನರಿಯದೆಯೇ ದನಿಯನ್ನು ಏರಿಸುತ್ತಾನೆಂದು ಫ್ರಾನ್ಸಿನ ಕಿವಿಯ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದ ಸತ್ಯವೂ ಸೇರಿ, ಒಂದು ಮೇಜಿನವರು ಇನ್ನೊಂದು ಮೇಜಿನವರನ್ನು ಮೀರಿಸುತ್ತ, ಎಂಟೂವರೆಯ ವೇಳೆಗೆ ಸಾವಿರಾರು ರೂಪಾಯಿ ತೆತ್ತವರೆಲ್ಲ ಕೂಗಾಡಿಕೊಂಡು ಉಣ್ಣುತ್ತಿರುತ್ತಾರೆ. ಇಂತಹ ಕಡೆ ಮಕ್ಕಳಿಗೆಂದು ಬಣ್ಣದ ಪೆನ್ಸಿಲ್ಲನ್ನೂ ಪ್ರತ್ಯೇಕ ಮೆನುವನ್ನೂ ಇಟ್ಟರೇನು, ಬಿಟ್ಟರೇನು?

ಆಟಿಸಂನ ಮಗುವಿಗೆ ಸದ್ದು ಏಕೆ ಇಷ್ಟು ದೊಡ್ಡ ವಿಷಯವೆಂಬುದನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿಯೇ ಅವರನ್ನು ತಲ್ಲಣಗೊಳಿಸಿದ ವಸ್ತುಗಳ ಒಂದು ವಿಲಕ್ಷಣ ಪಟ್ಟಿಯಿದೆ: ಲಿಫ್ಟು, ಕಸ ಹೀರುವ ಯಂತ್ರ, ಗ್ಯಾಸಿನ ಒಲೆ, ಹರಿಯುವ ನೀರು, ಮೊಟ್ಟೆ ಕಡೆಯುವ ಸಾಧನ, ಒಮ್ಮೊಮ್ಮೆ ಬೀಸುವ ಗಾಳಿ ಕೂಡ. ಆದರೆ ಅದೇ ಮಗು ತಾನು ಅಂಜಿದ ಸದ್ದಿನಷ್ಟೇ ದೊಡ್ಡ ಸದ್ದನ್ನು ತಾನೇ ಸಂತೋಷದಿಂದ ಮಾಡಬಲ್ಲುದೆಂಬುದನ್ನೂ ಕ್ಯಾನರ್ ಗಮನಿಸಿದ್ದ. ಸದ್ದಿನ ಪ್ರಮಾಣಕ್ಕಿಂತ ಅದು ಹೇಳದೆ ಕೇಳದೆ ಮೇಲೆರಗುವುದೇ ಭಯಕಾರಣವೆಂಬುದು ಅವನ ತೀರ್ಮಾನ. ಇಂದ್ರಿಯಗಳ ಈ ಅತಿಸೂಕ್ಷ್ಮತೆ ಅಥವಾ ಮಂದತೆ ರೋಗನಿರ್ಣಯದ ಅಧಿಕೃತ ಲಕ್ಷಣಗಳ ಸಾಲಿಗೆ ಸೇರಿದ್ದು 2013ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ; ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಎಲ್ಲ ಮಕ್ಕಳೂ ಒಂದೇ ಬಗೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಕ್ಯಾನರನ ಪಟ್ಟಿಯಲ್ಲಿರುವ ಲಿಫ್ಟೇ ನಮ್ಮ ಹುಡುಗನಿಗೆ ಪಾಯಸಕ್ಕಿಂತ ಮಿಗಿಲು.

ಗಂಬಳಿಯ ಆಚೆಗೂ, ಹಳೆಯ ಮಾದರಿಯ ಶಿಷ್ಟಭೋಜನದಲ್ಲಿ ಈ ಮಕ್ಕಳಿಗೆ ಒಗ್ಗುವ ಗುಣವೊಂದಿದೆ: ಅದು ಕ್ರಮಬದ್ಧ. ಚಮಚಗಳು ನಿಂತ ಕಡೆ ನಿಂತಿರುತ್ತವೆ, ಒಬ್ಬನೇ ಪರಿಚಾರಕ ಕಡೆಯವರೆಗೂ ಬರುತ್ತಾನೆ, ಒಂದಾದ ಮೇಲೊಂದು ಬರಬೇಕಾದುದು ಬರುತ್ತದೆ. ನಮ್ಮ ಬಾಳೆಯೆಲೆಗೂ ಇದೇ ಗುಣ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳಿಗೆ ನಿಯತಸ್ಥಾನಗಳಿದ್ದು, ಒಂದು ಪದಾರ್ಥ ಇನ್ನೊಂದನ್ನು ಮುಟ್ಟಿದರೆ ಊಟವನ್ನೇ ತಳ್ಳಿಬಿಡುವ ಮಗುವಿಗೆ ಸಾರು ಹರಿಯುವವರೆಗಾದರೂ ಅದು ಅಭಯಕ್ಷೇತ್ರ. ಅಂದು ನಮ್ಮ ಹುಡುಗನಿಗೆ, ಮೆನುವಿನ ಯಾವ ಪುಟದಲ್ಲಿಯೂ ಇಲ್ಲದ ಒಗ್ಗರಣೆಯಿಲ್ಲದ ಮೊಸರನ್ನವೂ ಪ್ರತ್ಯೇಕ ತಟ್ಟೆಯಲ್ಲಿ ಹಪ್ಪಳವೂ, ನಾವು ಕುಳಿತ ಕೂಡಲೇ ಬಂದವು. ಅವನ್ನು ತಂದ, ಕುಂದಾಪುರದ ಕಡೆಯ ಹಿರಿಯ ಪರಿಚಾರಕ ಹುಡುಗನನ್ನು ಮಾತನಾಡಿಸಲು ಯತ್ನಿಸಲಿಲ್ಲ, ಗಲ್ಲ ಹಿಂಡಲಿಲ್ಲ, ಹೆಸರು ಕೇಳಲಿಲ್ಲ. ತಟ್ಟೆಯನ್ನಿರಿಸಿ ಹಿಂದೆ ಸರಿದ. ಹುಡುಗ ನಡುವೆ ಎದ್ದು ಗೋಡೆಯುದ್ದಕ್ಕೂ ನಡೆದಾಡಿದಾಗಲೂ ಸಿಬ್ಬಂದಿಯಲ್ಲಿ ಯಾರೊಬ್ಬರೂ ದೃಷ್ಟಿಯಿಟ್ಟು ನೋಡಲಿಲ್ಲ. ನೋಡದಿರುವ ಈ ಕಲೆ ದೊಡ್ಡ ಹೋಟೆಲುಗಳ ತರಬೇತಿಯ ಸಾರವೆಂದು ನನ್ನ ನಂಬಿಕೆ. ಅದನ್ನು ಅವರು ಸಚಿವರಿಗೂ ಸಿನಿಮಾ ತಾರೆಯರಿಗೂ ಮಾತ್ರ ಮೀಸಲಿಟ್ಟಿರುವುದೇ ಅನ್ಯಾಯ.

ಒಂದೇ ಒಂದು ಕೊರತೆ ಕಂಡದ್ದು ಶೌಚಾಲಯದಲ್ಲಿ. ಕೈಯೊಡ್ಡಿದೊಡನೆ ಆರ್ಭಟಿಸುವ ಬಿಸಿಗಾಳಿಯ ಯಂತ್ರ ಅಲ್ಲಿಯೂ ಇತ್ತು. ಕೆನಡಾದ ನೋರಾ ಕೀಗನ್ ಎಂಬ ಬಾಲಕಿ, ಮಕ್ಕಳು ಇವುಗಳ ಬಳಿ ಕಿವಿ ಮುಚ್ಚಿಕೊಳ್ಳುವುದೇಕೆಂಬ ಕುತೂಹಲದಿಂದ ಆಲ್ಬರ್ಟಾ ಪ್ರಾಂತ್ಯದ ಸಾರ್ವಜನಿಕ ಶೌಚಾಲಯಗಳನ್ನು ಹೊಕ್ಕು, ಮಕ್ಕಳ ಕಿವಿಯ ಎತ್ತರದಲ್ಲಿ ಅಳೆದು, ಕೆಲವು ಯಂತ್ರಗಳ ಸದ್ದು 100 ಡೆಸಿಬಲ್ಲನ್ನು ಮೀರುವುದನ್ನು ತೋರಿಸಿ, 2019ರಲ್ಲಿ ತನ್ನ ಹದಿಮೂರನೆಯ ವಯಸ್ಸಿಗೆ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದಳು. ದೊಡ್ಡವರ ಎತ್ತರದಲ್ಲಿ ನಿಂತು ಅಳೆಯುವವರಿಗೆ ಹೊಳೆಯದ ಮಾತಿದು. ಪಕ್ಕದಲ್ಲಿ ಒಂದು ಕಟ್ಟು ಕಾಗದದ ಕರವಸ್ತ್ರವನ್ನಿಟ್ಟರೆ ಮುಗಿಯುವ ಕೆಲಸ.

ಹೋಟೆಲುಗಳ ಬಾಗಿಲಲ್ಲಿ ಆಟಿಸಂ-ಸ್ನೇಹಿ ಎಂದು ಅಂಟಿಸುವ ಫಲಕಗಳಲ್ಲಿ ನನಗೆ ಅಷ್ಟಾಗಿ ಶ್ರದ್ಧೆಯಿಲ್ಲ. ಏಪ್ರಿಲ್ 2ರ ಜಾಗೃತಿ ದಿನದಂದು ನೀಲಿ ದೀಪ ಹಚ್ಚಿ ಮರುದಿನ ಧ್ವನಿವರ್ಧಕ ಹಚ್ಚುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಅದಕ್ಕಿಂತ ನಮ್ಮ ಹಳೆಯ ಉಡುಪಿ ಹೋಟೆಲುಗಳ ಫ್ಯಾಮಿಲಿ ರೂಮು ಎಷ್ಟೋ ಮೇಲಾಗಿತ್ತು. ಮರದ ಅಡ್ಡಗೋಡೆ, ಅರ್ಧ ಬಾಗಿಲು, ಇಲ್ಲವೇ ಮಾಸಿದ ಪರದೆ, ಒಳಗೊಂದು ಮೇಜು, ನಾಲ್ಕು ಕುರ್ಚಿ. ಹೆಂಗಸರು ಪರರ ಕಣ್ಣಿಗೆ ಬೀಳಬಾರದೆಂಬ ಸಂಕೋಚದಿಂದ ಹುಟ್ಟಿದ ಆ ಏರ್ಪಾಡು, ಆಟಿಸಂನ ಮಗುವಿಗೆ ಬೇಕಾದ ಎಲ್ಲವನ್ನೂ, ಉದ್ದೇಶಿಸದೆಯೇ, ಒದಗಿಸುತ್ತಿತ್ತು. ಸಂಕೋಚ ಕಳೆದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ಕೋಣೆಗಳನ್ನೂ ಕೆಡವಿದ್ದು ಮಾತ್ರ ನನಗೆ ಸಮ್ಮತವಿಲ್ಲ.

ಆದುದರಿಂದ ಹೋಟೆಲನ್ನು ಆರಿಸುವವರು ತಾರೆಗಳನ್ನೂ ಛಾಯಾಚಿತ್ರಗಳ ಬೆಡಗನ್ನೂ ನೆಚ್ಚದೆ, ಅದೇ ಛಾಯಾಚಿತ್ರಗಳಲ್ಲಿ ನೆಲದ ಮೇಲೆ ಏನು ಹಾಸಿದೆ, ಛಾವಣಿ ಎಷ್ಟು ಎತ್ತರವಿದೆ, ಮೇಜುಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಗಮನಿಸಲಿ. ಬಳಿಕ ಫೋನು ಮಾಡಿ, ಮನೆಯಿಂದ ಒಂದು ಡಬ್ಬಿ ಅನ್ನ ತರಬಹುದೇ, ಸಂಗೀತವನ್ನು ತಗ್ಗಿಸಬಲ್ಲಿರಾ, ಹೊಗೆಯೇಳುವ ಸಿಜ್ಲರನ್ನು ನಮ್ಮ ಮೇಜಿನ ಪಕ್ಕದಿಂದ ಒಯ್ಯದಿರಬಲ್ಲಿರಾ ಎಂದು ಕೇಳಲಿ. “ಮಕ್ಕಳೆಂದರೆ ನಮಗೆ ಪ್ರಾಣ” ಎಂಬ ಉತ್ತರ ಬಂದರೆ ಬೇರೆ ಕಡೆಗೆ ಪ್ರಯತ್ನಿಸುವುದು ಮೇಲು. ನಮ್ಮ ಪರಿಚಾರಕ ಹೊರಡುವಾಗ ಹೇಳಿದ್ದು ಬೇರೆ: “ಶನಿವಾರ ಮಾತ್ರ ಬರಬೇಡಿ ಸರ್, ಅವತ್ತು ಪಿಯಾನೊ ಇರುತ್ತೆ.”

ಬಿಲ್ಲಿನ ಮಾತನ್ನು ಮುಚ್ಚಿಡುವಂತಿಲ್ಲ. ತಿಂಗಳಿಗೊಮ್ಮೆ ಹೋಗಿಬರುವ ಸ್ಥಳ ಅದಲ್ಲ. ಚಿಕಿತ್ಸೆ, ತರಬೇತಿಗಳಿಗೇ ಸಂಬಳದ ಬಹುಭಾಗವನ್ನು ಸುರಿಯುವ ತಂದೆತಾಯಂದಿರಿಗೆ ಮೌನವನ್ನು ಈ ಬೆಲೆಗೆ ಮಾರುವುದು ಕ್ರೌರ್ಯವೆಂದು ಯಾರಾದರೂ ಹೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮಧ್ಯಾಹ್ನದ ಊಟವನ್ನು ರಾತ್ರಿಗಿಂತ ಕಡಿಮೆ ದರಕ್ಕೆ ಬಡಿಸುವ ದೊಡ್ಡ ಹೋಟೆಲುಗಳೂ ಉಂಟು. ಕೆಲಸದ ದಿನ ಹನ್ನೆರಡೂವರೆಗೆ ಹೋಗಿ ಕುಳಿತು, ಬಿಲ್ಲನ್ನು ಮೊದಲೇ ತರಿಸಿ ಪಾವತಿ ಮಾಡಿಬಿಟ್ಟರೆ, ಕಚೇರಿಯವರು ಗುಂಪುಗಟ್ಟಿ ಬರುವ ಹೊತ್ತಿಗೆ ಮೊಸರನ್ನ ಮುಗಿದಿರುತ್ತದೆ. ಯಾವ ಕ್ಷಣದಲ್ಲಿ ಬೇಕಾದರೂ ಎದ್ದು ಹೊರಡಬಹುದು.